ಫೈಟರ್ ಮೀನಿನ ಜೊತೆ ಇನ್ನು ಎಲ್ಲ ಮೀನೂ ಕೊಡುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ನಮಸ್ಕಾರ್ರಿ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ 'ಫೈಟರ್ ಸೆಟ್' ಸಿಗುವುದಿಲ್ಲ. ನಿಮಗೆ ಗೊತ್ತಿರುವುದೇ. ಗುಂಡನೆಯ ಗಾಜಿನ ಬೌಲು, ಒಂದು ಫೈಟರ್, ಎರಡು ಗಪ್ಪಿ, ಗಾಜು ಸ್ವಚ್ಛ ಮಾಡಲಿಕ್ಕೆ ಅಂತ ಒಂದು ಸಕ್ಕರ್, ತಳದಲ್ಲಿ ಒಂದಿಷ್ಟು ಬಣ್ಣದ ಕಲ್ಲು. ಹುಟ್ಟುಹಬ್ಬಕ್ಕೆ, ಮನೆ ಓಪನಿಂಗ್‌ಗೆ ಉಡುಗೊರೆ ಅಂತ ಚೆನ್ನಾಗಿಯೇ ಹೋಗುತ್ತಿತ್ತು. ಇನ್ನು ಮುಂದೆ ಫೈಟರ್ ಬೇಕೆಂದರೆ ಮೊದಲು ಟ್ಯಾಂಕಿನ ಅಳತೆ ಕೇಳುತ್ತೇವೆ. ಅದರ ಜೋಡಿ ಬೇರೆ ಮೀನು ಬೇಕೆಂದರೆ ಇನ್ನೂ ಒಂದೆರಡು ಪ್ರಶ್ನೆ ಕೇಳುತ್ತೇವೆ. ಕೆಲವು ಸಲ ಕೊಡುವುದಿಲ್ಲ ಅಂತಲೂ ಹೇಳುತ್ತೇವೆ. ದುಡ್ಡು ಕೊಟ್ಟರೂ ಮೀನು ಕೊಡದ ಅಂಗಡಿ ಎಂಥದು ಅಂತ ಸಿಟ್ಟು ಬರಬಹುದು. ಅದಕ್ಕೇ ಕಾರಣವನ್ನು ವಿವರವಾಗಿ ಬರೆಯುತ್ತಿದ್ದೇವೆ.

"ಒಂದೇ ಇದ್ರ ಅದಕ್ಕ ಬ್ಯಾಸರ ಆಗಂಗಿಲ್ಲೇನ್ರಿ?" ಕೌಂಟರ್‌ನಲ್ಲಿ ನಾವು ದಿನಾ ಕೇಳುವ ಮಾತಿದು. ಆಗುವುದಿಲ್ಲ. ಫೈಟರ್, ಅಂದರೆ ಬೆಟ್ಟಾ, ಮೂಲತಃ ಥಾಯ್ಲೆಂಡ್ ಕಡೆಯ ಮೀನು. ಭತ್ತದ ಗದ್ದೆ, ಕಾಲುವೆ, ಹುಲ್ಲು ಬೆಳೆದ ನಿಂತ ನೀರು ಅದರ ಜಾಗ. 2019ರಲ್ಲಿ ಥಾಯ್ಲೆಂಡ್ ಸರ್ಕಾರ ಅದನ್ನು ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು, ಅಷ್ಟು ಮಾನ ಅದಕ್ಕೆ. ಗಂಡು ಫೈಟರ್ ಗುಂಪಿನ ಮೀನಲ್ಲ. ತನ್ನದೊಂದು ಜಾಗ ಹಿಡಿದುಕೊಂಡು ಒಂಟಿಯಾಗಿ ಇರುತ್ತದೆ. ಇನ್ನೊಂದು ಗಂಡು ಬಂದರೆ ಕಿವಿರಿನ ಮುಚ್ಚಳ ಅಗಲಿಸಿ, ರೆಕ್ಕೆ ಬಾಲ ಎಲ್ಲ ಬಿಚ್ಚಿ ಹೆದರಿಸುತ್ತದೆ. ಹೆದರಿದ್ದು ಗದ್ದೆಯ ಇನ್ನೊಂದು ಮೂಲೆಗೆ ಓಡಿಹೋಗುತ್ತದೆ. ಬೌಲಿನಲ್ಲಿ ಓಡಲಿಕ್ಕೆ ಮೂಲೆಯೇ ಇಲ್ಲ.

ಹಾಗಂತ ಸೆಟ್ ನಿಲ್ಲಿಸಲು ಜಗಳವೊಂದೇ ಕಾರಣ ಅಲ್ಲ. ಅದಕ್ಕಿಂತ ದೊಡ್ಡದು ಉಸಿರಿನ ವಿಷಯ. ಫೈಟರ್ ಮೀನಿಗೆ ಕಿವಿರಿನ ಜೊತೆಗೆ ಲ್ಯಾಬಿರಿಂತ್ ಎನ್ನುವ ಇನ್ನೊಂದು ಅಂಗ ಇದೆ. ಆಗಾಗ ಮೇಲೆ ಬಂದು ಬಾಯಿ ತೆರೆದು ಗಾಳಿ ಕುಡಿದು ಹೋಗುವುದನ್ನು ನೀವು ನೋಡಿರುತ್ತೀರಿ. ಆ ಗಾಳಿಯಲ್ಲಿನ ಆಮ್ಲಜನಕವನ್ನು ಅದು ಆ ಅಂಗದಿಂದ ನೇರವಾಗಿ ತೆಗೆದುಕೊಳ್ಳುತ್ತದೆ. ಆದ್ದರಿಂದಲೇ ಪಂಪ್ ಇಲ್ಲದ, ಫಿಲ್ಟರ್ ಇಲ್ಲದ ಬೌಲಿನಲ್ಲೂ ಫೈಟರ್ ಬದುಕಿರುತ್ತದೆ. ಗಪ್ಪಿಗೆ, ಟೆಟ್ರಾಗೆ ಈ ಸೌಲಭ್ಯ ಇಲ್ಲ. ನೀರಿನಲ್ಲಿ ಕರಗಿರುವುದಷ್ಟೇ ಅವುಗಳ ಪಾಲು.

ಈಗ ಇದರ ಮೇಲೆ ನಮ್ಮ ಕಲಬುರಗಿ ಬಿಸಿಲು ಸೇರಿಸಿ ನೋಡಿ. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಬಲ್ಲದು, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಬಿಸಿ ನೀರಿನಲ್ಲಿ ಮೀನಿಗೆ ಉಸಿರು ಜಾಸ್ತಿ ಬೇಕಾಗುತ್ತದೆ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ ಚಿಕ್ಕ ಬೌಲಿನ ನೀರು ಎಷ್ಟು ಬೇಗ ಕಾಯುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಮಧ್ಯಾಹ್ನ ಕರೆಂಟ್ ಹೋದರೆ ಪಂಪೂ ನಿಲ್ಲುತ್ತದೆ. ಬೇಸಿಗೆಯಲ್ಲಿ ನಮಗೆ ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ: "ಫೈಟರ್ ಚಲೋ ಅದರೀ, ಉಳಿದಿದ್ದೆಲ್ಲ ಹೋದವು, ಇದೇ ಕೊಂದಿರಬೇಕು." ಬಹಳಷ್ಟು ಸಲ ಫೈಟರ್ ಏನೂ ಮಾಡಿರುವುದಿಲ್ಲ. ಪಾಪ, ಸುಮ್ನೆ ಅದರ ಮೇಲೆ ಅಪವಾದ.

ಹಾಗಾಗಿ ಇನ್ನು ಮುಂದೆ ಲೆಕ್ಕ ಟ್ಯಾಂಕಿನಿಂದ ಶುರು. ಒಂದಡಿ ಉದ್ದ, ಅಗಲ, ಎತ್ತರದ ಟ್ಯಾಂಕಿನಲ್ಲಿ ತುಂಬಿದರೆ 28 ಲೀಟರ್ ಹಿಡಿಯುತ್ತದೆ. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ಇಪ್ಪತ್ತರ ಆಚೀಚೆ. ಇದು ಒಂದು ಫೈಟರ್‌ಗೆ ಸರಿಯಾದ ಮನೆ. ಜೊತೆಗೆ ಒಂದೆರಡು ಬಸವನಹುಳು ಬಿಡಬಹುದು, ಬೇರೆ ಮೀನು ಬೇಡ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಇದ್ದರೆ ಸುಮಾರು 42 ಲೀಟರ್. ಮೀನಿನ ಜೊತೆಗಾರರ ಮಾತು ಇಲ್ಲಿಂದ ಶುರುವಾಗುತ್ತದೆ, ಅದೂ ಸ್ಪಂಜ್ ಫಿಲ್ಟರ್ ಮತ್ತು ಒಂದಿಷ್ಟು ಗಿಡ ಇದ್ದರೆ ಮಾತ್ರ.

ಮೊದಲು ಬಸವನಹುಳುವಿನ ಬಗ್ಗೆ ಹೇಳುತ್ತೇವೆ, ಯಾಕಂದರೆ ನಮ್ಮೂರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ ಅನ್ನುವುದು ನಮ್ಮ ಅಭಿಪ್ರಾಯ. ನಮ್ಮ ಬೋರ್ ನೀರು ಗಡಸು. ಶಹಾಬಾದ್ ಕಲ್ಲಿನ ನಾಡು ಇದು, ನೆಲದಲ್ಲೇ ಸುಣ್ಣ ಇದೆ. ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ ಅಂತ ಎಲ್ಲರೂ ಬೈಯುವ ಆ ನೀರೇ ಬಸವನಹುಳುವಿಗೆ ಬೇಕು, ಅದರ ಚಿಪ್ಪು ಗಟ್ಟಿಯಾಗುವುದು ಸುಣ್ಣದಿಂದಲೇ. ನೆರೈಟ್ ಜಾತಿಯದು ಗಾಜಿನ ಮೇಲಿನ ಪಾಚಿ ತಿನ್ನುತ್ತದೆ, ಸಿಹಿ ನೀರಿನಲ್ಲಿ ಅದರ ಮೊಟ್ಟೆಯಿಂದ ಮರಿ ಬರುವುದಿಲ್ಲ. ಅಲ್ಲಲ್ಲಿ ಬಿಳಿ ಚುಕ್ಕೆಯಂಥ ಮೊಟ್ಟೆ ಅಂಟಿಸುತ್ತದೆ, ಅಷ್ಟೇ ಕಿರಿಕಿರಿ.

ಅಂಗಡಿಯ ಬಾಗಿಲ ಬಳಿಯ ಟ್ಯಾಂಕಿನಲ್ಲಿ ಒಂದು ಕೆಂಪು ಫೈಟರ್ ಮತ್ತು ಆಪಲ್ ಸ್ನೇಲ್ ಎನ್ನುವ ಒಂದು ಬಸವನಹುಳು ಇಟ್ಟಿದ್ದೇವೆ. ಬಂದಾಗ ನಿಂತು ನೋಡಿ. ಹುಳು ಎರಡು ಮೀಸೆ ಚಾಚಿ ಗಾಜು ಹತ್ತುತ್ತಿರುತ್ತದೆ. ಫೈಟರ್ ಬಂದು ಸ್ವಲ್ಪ ದೂರದಲ್ಲೇ ನಿಲ್ಲುತ್ತದೆ. ಮೈ ಅಲುಗಿಸದೆ, ತಲೆ ಸ್ವಲ್ಪ ವಾಲಿಸಿ, ಆ ಮೀಸೆಯನ್ನೇ ನೋಡುತ್ತದೆ. ಎರೆಹುಳುವಿನ ಥರ ಕಾಣುತ್ತದೆ ಏನೋ. ಆಮೇಲೆ ಟಕ್ ಅಂತ ಒಂದು ಕುಕ್ಕು. ಹುಳು ಪೂರ್ತಿ ಒಳಗೆ ಸರಿದು, ಮುಚ್ಚಳ ಹಾಕಿಕೊಂಡು ತಳಕ್ಕೆ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಹೊರಗೆ. ಕೆಲವು ಫೈಟರ್‌ಗಳು ಎರಡು ಮೂರು ದಿನಕ್ಕೆ ಇದು ತಿನ್ನುವ ವಸ್ತು ಅಲ್ಲ ಅಂತ ಬಿಟ್ಟುಬಿಡುತ್ತವೆ. ಕೆಲವು ಬಿಡುವುದೇ ಇಲ್ಲ. ಅಂಥದಿದ್ದರೆ ಮೀಸೆ ಚಿಕ್ಕದಿರುವ ನೆರೈಟ್ ಒಯ್ಯಿರಿ.

ಸಿಗಡಿ ಕೇಳುವವರು ಈಚೆಗೆ ಜಾಸ್ತಿ. ಚೆರ್ರಿ ಸಿಗಡಿ ಚಂದ, ಆದರೆ ಮರಿಗಳೆಲ್ಲ ಫೈಟರ್ ಹೊಟ್ಟೆಗೆ. ದಟ್ಟ ಪಾಚಿಗಿಡ ಇದ್ದರೆ ಒಂದಿಷ್ಟು ಉಳಿಯುತ್ತವೆ. ಬಿಸಿ ನೀರು ಅವಕ್ಕೆ ಆಗಿಬರುವುದಿಲ್ಲ, ಆದ್ದರಿಂದ ಮಳೆಗಾಲ ಮತ್ತು ಚಳಿಗಾಲದಲ್ಲಿ ಮಾತ್ರ ಮಾರುತ್ತೇವೆ. ಸಿಗಡಿ ಅಥವಾ ಬಸವನಹುಳು ಇರುವ ಟ್ಯಾಂಕಿಗೆ ತಾಮ್ರ ಇರುವ ಔಷಧಿ ಹಾಕಲೇಬೇಡಿ, ಎರಡೂ ಸಾಯುತ್ತವೆ. ಔಷಧಿ ಕೊಳ್ಳುವಾಗ ಟ್ಯಾಂಕಿನಲ್ಲಿ ಏನೇನಿದೆ ಅಂತ ನಮಗೆ ಹೇಳಿ.

ಒಂದೂವರೆ ಅಡಿ ಟ್ಯಾಂಕ್ ಇರುವವರಿಗೆ ನಾವು ಕೊಡುವುದು ಎಂಬರ್ ಟೆಟ್ರಾ ಅಥವಾ ಹಾರ್ಲಿಕ್ವಿನ್ ರಾಸ್ಬೋರಾ, ಎರಡರಲ್ಲಿ ಒಂದು, ಕನಿಷ್ಠ ಆರು. ಎರಡೇ ಕೊಡಿ ಅಂದರೆ ಕೊಡುವುದಿಲ್ಲ. ಇವು ಗುಂಪಿನ ಮೀನು, ಗುಂಪಿಲ್ಲದಿದ್ದರೆ ಹೆದರಿ ಮೂಲೆ ಸೇರುತ್ತವೆ. ಚಿಕ್ಕ ಗಾತ್ರ, ಚಿಕ್ಕ ಬಾಲ, ಫೈಟರ್ ರೆಕ್ಕೆ ಕಚ್ಚುವ ಚಟ ಇಲ್ಲ. ಎರಡಡಿ ಟ್ಯಾಂಕ್ ಇದ್ದರೆ ತಳದಲ್ಲಿ ಓಡಾಡುವ ಕೋರಿ ಮೀನು ಆರು ಬಿಡಬಹುದು. ಅವಕ್ಕೆ ಮೆತ್ತನೆ ಮರಳು ಬೇಕು, ಮುಳುಗುವ ಆಹಾರ ಬೇರೆಯೇ ಹಾಕಬೇಕು. ಫೈಟರ್ ಬಿಟ್ಟದ್ದು ತಿಂದುಕೊಂಡಿರುತ್ತವೆ ಅನ್ನುವುದು ಸರಿಯಲ್ಲ. ಬಿಸಿಗೆ ಸ್ವಲ್ಪ ಹೆಚ್ಚು ತಡೆಯುವ ಸ್ಟೆರ್ಬಾಯ್ ಕೋರಿ ಸಿಕ್ಕಾಗ ತರಿಸುತ್ತೇವೆ, ಬೆಲೆ ಜಾಸ್ತಿ.

ಇನ್ನು ಬೇಡದವು. ಗಪ್ಪಿಗೆ ನಮ್ಮ ಗಡಸು ನೀರು ಬಹಳ ಒಗ್ಗುತ್ತದೆ, ತಮಾಷೆ ಅಂದರೆ ಫೈಟರ್‌ಗೆ ಮಾತ್ರ ಗಪ್ಪಿ ಒಗ್ಗುವುದಿಲ್ಲ. ಬಣ್ಣದ ಉದ್ದ ಬಾಲ ನೋಡಿ ಇನ್ನೊಂದು ಫೈಟರ್ ಅಂದುಕೊಂಡು ಮೇಲೆ ಬೀಳುತ್ತದೆ. ಗೌರಾಮಿ ಫೈಟರ್‌ನ ದಾಯಾದಿ, ಚಿಕ್ಕ ಟ್ಯಾಂಕಿನಲ್ಲಿ ಇಬ್ಬರಿಗೂ ಹೊಂದುವುದಿಲ್ಲ. ಟೈಗರ್ ಬಾರ್ಬ್ ಇದ್ದರೆ ಏಟು ತಿನ್ನುವುದು ಫೈಟರ್‌ದೇ, ರೆಕ್ಕೆಯೆಲ್ಲ ಚಿಂದಿ. ಗೋಲ್ಡ್ ಫಿಶ್ ತಂಪು ನೀರಿನ ಮೀನು, ಫೈಟರ್‌ಗೆ 24ರಿಂದ 28 ಡಿಗ್ರಿ ಬೇಕು. ಮೇಲಾಗಿ ಅದು ಅಂಗೈಗಿಂತ ದೊಡ್ಡದಾಗುತ್ತದೆ, ಹೊಲಸೂ ಜಾಸ್ತಿ.

"ಹಾಂಗಾದ್ರ ಒಂದು ಹೆಣ್ಣು ಕೊಡ್ರಿ, ಸಂಸಾರ ಮಾಡ್ಕೊಂಡು ಇರ್ತಾವ" ಅನ್ನುವವರಿದ್ದಾರೆ. ಫೈಟರ್ ಸಂಸಾರ ಹಾಗಿಲ್ಲ. ಮೊಟ್ಟೆ ಇಟ್ಟ ಮೇಲೆ ನೊರೆಗೂಡು ಕಾಯುವುದು ಗಂಡು, ಹೆಣ್ಣನ್ನು ಅದೇ ಅಟ್ಟಿಸಿಕೊಂಡು ಹೋಗಿ ಕಚ್ಚುತ್ತದೆ. ಮರಿ ಮಾಡಿಸಬೇಕೆನ್ನುವವರು ಬೇರೆಯಾಗಿ ಬಂದು ಮಾತಾಡಿ.

ಸಕ್ಕರ್ ಬಗ್ಗೆ ಖಡಾಖಂಡಿತ: ಅದನ್ನು ಚಿಕ್ಕ ಟ್ಯಾಂಕಿಗೆ ಇನ್ನು ಕೊಡುವುದೇ ಇಲ್ಲ. ಎರಡು ಇಂಚಿನ ಮರಿ ನೋಡಲು ಮುದ್ದು, ಬೆಳೆದರೆ ಒಂದಡಿ ದಾಟುತ್ತದೆ. ದೊಡ್ಡದಾಯ್ತು ಅಂತ ಅಪ್ಪನ ಕೆರೆಗೋ, ಭೀಮಾ ನದಿಗೋ ಬಿಡಬೇಡಿ. ಅದು ದಕ್ಷಿಣ ಅಮೆರಿಕದ ಮೀನು. ಬಿಟ್ಟ ಕಡೆ ಬೇರೂರಿ, ಅಲ್ಲಿನ ಮೀನಿನ ಜಾಗ, ಆಹಾರ ಕಸಿಯುತ್ತದೆ, ನಮ್ಮ ದೇಶದ ಹಲವು ಕೆರೆಗಳಲ್ಲಿ ಈಗಾಗಲೇ ಇದು ತಲೆನೋವು. ನಮಗೇ ತಂದುಕೊಡಿ. ಎಲ್ಲಿಂದ ಕೊಂಡಿದ್ದು ಅಂತ ಕೇಳುವುದಿಲ್ಲ.

ಜೊತೆಗಾರರನ್ನು ಕೊಂಡವರು ಬಿಡುವ ಕ್ರಮವನ್ನೂ ನೋಡಿಕೊಳ್ಳಬೇಕು. ಮೊದಲು ಚಿಕ್ಕ ಮೀನು, ಕೊನೆಗೆ ಫೈಟರ್. ಫೈಟರ್ ಮೊದಲೇ ಇದ್ದರೆ ಇಡೀ ಟ್ಯಾಂಕ್ ತನ್ನದು ಅಂದುಕೊಂಡಿರುತ್ತದೆ. ಆಗ ಅದನ್ನು ಸ್ವಲ್ಪ ಹೊತ್ತು ಹೊರಗೆ ತೆಗೆದು, ಕಲ್ಲು ಗಿಡ ಜಾಗ ಬದಲಿಸಿ, ಲೈಟ್ ಆರಿಸಿ ಬಿಡಿ. ಒಂದೆರಡು ಸಲ ಕಿವಿರು ಅಗಲಿಸಿದರೆ ಗಾಬರಿ ಬೇಡ, ಅದು ಬರೀ ಜೋರು. ಬಿಡದೆ ಅಟ್ಟಿದರೆ, ರೆಕ್ಕೆ ಹರಿದಿದ್ದು ಕಂಡರೆ ಅದೇ ದಿನ ಬೇರೆ ಮಾಡಿ. ಫೈಟರ್‌ಗಳ ಸ್ವಭಾವ ಒಂದೊಂದರದು ಒಂದೊಂದು ಥರ, ನಾವು ಗ್ಯಾರಂಟಿ ಕೊಡಲಾಗುವುದಿಲ್ಲ. ಹೊಂದದಿದ್ದರೆ ಏಳು ದಿನದೊಳಗೆ ಜೊತೆಗಾರ ಮೀನನ್ನು ವಾಪಸ್ ತೆಗೆದುಕೊಂಡು, ಅದೇ ಬೆಲೆಗೆ ಬೇರೆ ಸಾಮಾನು ಕೊಡುತ್ತೇವೆ.

ಖರ್ಚು ಜಾಸ್ತಿ ಆಗುತ್ತದೆ, ಅದು ನಿಜ. ಬೌಲಿನ ಬೆಲೆಗೆ ಟ್ಯಾಂಕ್ ಬರುವುದಿಲ್ಲ. ಅದಕ್ಕೆ ನಮ್ಮಲ್ಲಿ ಕೊಂಡ ಹಳೆಯ ಬೌಲು ತಂದರೆ ಅದರ ಬೆಲೆಯ ಅರ್ಧ ಟ್ಯಾಂಕಿನಲ್ಲಿ ಕಡಿಮೆ ಮಾಡುತ್ತೇವೆ. ಟ್ಯಾಂಕಿನ ಜೊತೆ ಕೊಡುವ ಸ್ಪಂಜ್ ಫಿಲ್ಟರ್ ನಮ್ಮ ಟ್ಯಾಂಕಿನಲ್ಲಿ ಓಡಿದ್ದೇ ಇರುತ್ತದೆ. ಹಳೇದು ಕೊಟ್ಟರು ಅನ್ನಬೇಡಿ, ಮೀನಿನ ಹೊಲಸಿನ ಅಮೋನಿಯಾ ಕಳೆಯುವ ಬ್ಯಾಕ್ಟೀರಿಯಾ ಅದರಲ್ಲಿ ಈಗಾಗಲೇ ಬೆಳೆದಿರುತ್ತದೆ. ಹೊಸದರಲ್ಲಿ ಅದು ಬೆಳೆಯಲು ಹಲವು ವಾರ ಬೇಕು. ನಳದ ನೀರು ತುಂಬುವವರು ಕ್ಲೋರಿನ್ ತೆಗೆಯುವ ಹನಿ ಮರೆಯಬೇಡಿ, ಮುಚ್ಚಳ ಹಾಕಿಡಿ, ಫೈಟರ್ ಜಿಗಿಯುತ್ತದೆ.

ಸೇಡಂ, ಶಹಾಪುರ, ಯಾದಗಿರಿ ಕಡೆ ಬಸ್ಸಿನಲ್ಲಿ ಒಯ್ಯುವವರು ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರೊಳಗೆ ಬನ್ನಿ. ಜೊತೆಗಾರ ಮೀನಿಗೆ ಆಕ್ಸಿಜನ್ ತುಂಬಿದ ಕವರ್ ಕಟ್ಟಿಕೊಡುತ್ತೇವೆ, ಅದಕ್ಕೆ ಬೇರೆ ದುಡ್ಡಿಲ್ಲ. ಬೀದರ್ ಕಡೆಯವರು ಡಿಸೆಂಬರ್ ಬರುವ ಮುಂಚೆ ಹೀಟರ್ ಬಗ್ಗೆ ಕೇಳಿ. ಬರುವಾಗ ಟ್ಯಾಂಕಿನ ಉದ್ದ, ಅಗಲ, ಎತ್ತರ ಬರೆದುಕೊಂಡು ಬನ್ನಿ, ಇಲ್ಲವೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬಂದರೂ ಆಯಿತು. ಸೋಮವಾರ ಅಂಗಡಿ ರಜೆ.

ಇಂತಿ,
ನಿಮ್ಮ ಅಕ್ವೇರಿಯಂ ಅಂಗಡಿಯವರು,
ಕಲಬುರಗಿ