ಮೊಮ್ಮಗಳ ಬಣ್ಣ ಕೇಳುವವರಿಗೆ

ಮಾನ್ಯರೇ,

ನನ್ನ ಮಗಳು ಅಮೆರಿಕದ ವರ್ಜೀನಿಯಾದಲ್ಲಿ ಕಪ್ಪು ಜನಾಂಗದ ಹುಡುಗನನ್ನು ಮದುವೆಯಾಗಿ ಆರು ವರ್ಷವಾಯಿತು. 1958ರಲ್ಲಿ ಅದೇ ರಾಜ್ಯದಲ್ಲಿ ಬಿಳಿಯನಾದ ರಿಚರ್ಡ್ ಲವಿಂಗ್ ಮತ್ತು ಅವನ ಹೆಂಡತಿ ಮಿಲ್ಡ್ರೆಡ್ ಅವರನ್ನು, ಬಿಳಿಯರಲ್ಲದವಳನ್ನು ಬಿಳಿಯ ಮದುವೆಯಾದನೆಂಬ ಕಾರಣಕ್ಕೆ, ಪೊಲೀಸರು ಅಪರಾತ್ರಿಯಲ್ಲಿ ಮಲಗುವ ಕೋಣೆಗೇ ನುಗ್ಗಿ ಬಂಧಿಸಿದ್ದರು. ಅಂಥ ಕಾನೂನುಗಳನ್ನು ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1967ರ ಜೂನ್ 12ರಂದು. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ ನಡೆಸುವ ಜನಾಭಿಪ್ರಾಯ ಸಮೀಕ್ಷೆಯಲ್ಲಿ ಕಪ್ಪು–ಬಿಳಿಯರ ಮದುವೆಯನ್ನು ಒಪ್ಪಿದವರು 1958ರಲ್ಲಿ ಶೇ 4, 2021ರಲ್ಲಿ ಶೇ 94.

ನಮ್ಮ ಮನೆಗಳಲ್ಲಿ ಎಷ್ಟು? ಹೋದ ಯುಗಾದಿಗೆ ಅಳಿಯ ಬಂದಿದ್ದರು. ಪಂಚೆ ಉಟ್ಟು, ಚಕ್ಕಳಮಕ್ಕಳ ಹಾಕಿ ಎಲೆಯ ಮುಂದೆ ಕುಳಿತು ಮಾವಿನಕಾಯಿ ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಂಡರು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಹತ್ತಿರದ ನೆಂಟರೊಬ್ಬರು, ‘ಮಗು ಬೆಳ್ಳಗಾಗಲು ಏನಾದರೂ ಹಚ್ಚುತ್ತೀರಾ?’ ಎಂದು ಕೇಳಿದರು. ನನ್ನ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. ಈ ಮದುವೆಯ ಕಾರಣಕ್ಕೆ ಮಗಳೊಂದಿಗೆ ಎಂಟು ತಿಂಗಳು ಮಾತು ಬಿಟ್ಟಿದ್ದವಳು ನಾನು. ಆ ತಪ್ಪು ಇಂದಿಗೂ ಚುಚ್ಚುತ್ತದೆ.

ಮೊಮ್ಮಗಳಿಗೆ ಈಗ ನಾಲ್ಕು ವರ್ಷ, ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ದೀಪಾವಳಿಗೆ ಬರುತ್ತಾಳೆ. ದಯವಿಟ್ಟು ಅವಳ ಮುಂದೆ ಆ ಮಾತು ಆಡಬೇಡಿ.

– ನಿವೃತ್ತ ಶಿಕ್ಷಕಿ, ಶಿವಮೊಗ್ಗ