ಬ್ರೇಕ್ ಕಿರುಗುಟ್ಟಿದರೆ ಮೊದಲು ಚಕ್ರ ಅಲುಗಿಸಿ ನೋಡಿ

ಮಾನ್ಯ ಸಂಪಾದಕರೇ,

ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಕಿರ್ರ್ ಅನ್ನುತ್ತದೆ, ಗುಂಡಿ ಇಳಿದರೆ ಹಿಂದುಗಡೆಯೇ ಟಕ್ ಅಂತ ಸದ್ದಾಗುತ್ತದೆ ಎಂದು ಓದುಗರೊಬ್ಬರು ನಿಮ್ಮ ವಾಹನ ಅಂಕಣದಲ್ಲಿ ಕೇಳಿದ್ದರು. 'ಬ್ರೇಕ್ ಶೂ ಬದಲಿಸಿ' ಎಂದು ಒಂದೇ ಸಾಲಿನ ಉತ್ತರ ಬಂದಿತ್ತು. ಅವರು ಹೇಳಿದ್ದು ಎರಡು ದೂರು, ಅಲ್ವಾ? ಆಕ್ಸಲ್, ಬ್ರೇಕ್ ಕೆಲಸದಲ್ಲೇ ಕೈ ಕಪ್ಪು ಮಾಡಿಕೊಂಡು ಬಂದ ಮೆಕ್ಯಾನಿಕ್ ನಾನು. ಇವೆರಡೂ ಒಟ್ಟಿಗೆ ಬಂದರೆ ಶೂ ಮುಟ್ಟುವ ಮೊದಲು ಚಕ್ರದ ಪ್ಲೇ, ಅಂದರೆ ಸಡಿಲ ಅಲುಗಾಟ, ನೋಡಬೇಕು. ಅದನ್ನು ಹೇಳಲೆಂದೇ ಈ ಪತ್ರ.

ಸದ್ದಿನ ವಿಷಯ ಮೊದಲು. ಡ್ರಮ್ಮನ್ನು ಒಳಗಿನಿಂದ ಒತ್ತುವ ಶೂ ಅಥವಾ ಡಿಸ್ಕನ್ನು ಅದುಮುವ ಪ್ಯಾಡ್ ಹಿಡಿದು, ಜಾರಿ, ಮತ್ತೆ ಹಿಡಿದು ಸೆಕೆಂಡಿಗೆ 1,000ಕ್ಕಿಂತ ಹೆಚ್ಚು ಸಲ ಅದುರಿದಾಗ ನಮ್ಮ ಕಿವಿಗೆ ಕಿರ್ರ್ ಎಂದು ಕೇಳಿಸುತ್ತದೆ. ರಾತ್ರಿ ಮಳೆಯಲ್ಲಿ ನಿಂತ ಕಾರು ಬೆಳಿಗ್ಗೆ ಕಿರುಗುಟ್ಟಿ, ಸ್ವಲ್ಪ ದೂರ ಓಡಿದ ಮೇಲೆ ಸುಮ್ಮನಾದರೆ ಅದು ಡಿಸ್ಕಿನ ಮೇಲೆ ಕೂತ ತೆಳ್ಳನೆಯ ತುಕ್ಕು. ತಲೆ ಕೆಡಿಸಿಕೊಳ್ಳಬೇಡಿ. ಬ್ರೇಕ್ ಒತ್ತದೆ ಓಡುವಾಗಲೇ ಸಣ್ಣಗೆ ಕಿರುಗುಟ್ಟಿ, ಒತ್ತಿದ ಕೂಡಲೇ ನಿಲ್ಲುವುದಾದರೆ ಪ್ಯಾಡ್ ಸವೆದಿರುವ ಸಾಧ್ಯತೆ ಜಾಸ್ತಿ. ಎಷ್ಟೋ ಪ್ಯಾಡ್‌ಗಳಲ್ಲಿ ಸವೆತ ತಿಳಿಸಲೆಂದೇ ಒಂದು ತಗಡಿನ ನಾಲಿಗೆ ಇರುತ್ತದೆ. ಪ್ಯಾಡ್ ತೆಳ್ಳಗಾದಾಗ ಅದು ಡಿಸ್ಕಿಗೆ ತಗಲುತ್ತದೆ. ಪ್ಯಾಡ್ ದಪ್ಪಗಿದ್ದೂ ಪ್ರತಿ ಸಲ ಒತ್ತಿದಾಗ ಸದ್ದು ಬರುತ್ತಿದ್ದರೆ ಪ್ಯಾಡ್ ಒತ್ತುವ ಕ್ಯಾಲಿಪರ್ ಜಾರುವ ಪಿನ್ ಹಿಡಿದುಕೊಂಡಿದೆಯೇ, ಪ್ಯಾಡಿನ ಹಿಂದಿನ ತೆಳು ತಗಡು (ಶಿಮ್) ಬಿದ್ದುಹೋಗಿದೆಯೇ ನೋಡಬೇಕು. ಡ್ರಮ್ ಇದ್ದರೆ ಒಳಗೆ ಧೂಳು ತುಂಬಿರಬಹುದು, ಶೂ ಕೂರುವ ತಟ್ಟೆಯ ಗ್ರೀಸ್ ಒಣಗಿರಬಹುದು.

ಇನ್ನು ಪ್ಲೇ. ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರವೇನೂ ಬೇಡ. ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಡಿ. ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಚಕ್ರಕ್ಕೆ ಕೈ ಹಾಕಬೇಡಿ. ಆಮೇಲೆ ಹ್ಯಾಂಡ್‌ಬ್ರೇಕ್ ಬಿಡಿ. ಹೆಚ್ಚಿನವರು ಇದನ್ನೇ ಮರೆಯುತ್ತಾರೆ. ಹ್ಯಾಂಡ್‌ಬ್ರೇಕ್ ಎಳೆದೇ ಇದ್ದರೆ ಶೂ ಡ್ರಮ್ಮನ್ನು ಬಿಗಿಯಾಗಿ ಹಿಡಿದಿರುತ್ತದೆ, ಬೇರಿಂಗ್ ಸಡಿಲವಿದ್ದರೂ ಕೈಗೆ ಗೊತ್ತಾಗುವುದಿಲ್ಲ.

ಈಗ ಚಕ್ರದ ಮೇಲ್ತುದಿಗೆ ಒಂದು ಕೈ, ಕೆಳತುದಿಗೆ ಇನ್ನೊಂದು ಕೈ ಕೊಟ್ಟು ಒಂದನ್ನು ಒಳಗೆ ತಳ್ಳಿ, ಇನ್ನೊಂದನ್ನು ಹೊರಗೆ ಎಳೆಯಿರಿ. ಟಕ್ ಅಂತ ಅಲುಗಿದರೆ ಇನ್ನೊಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಪೆಡಲ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲುಗಿಸಿ. ಪ್ಲೇ ಮಾಯವಾಯಿತೇ? ಹಾಗಾದರೆ ತೊಂದರೆ ಇರುವುದು ಬೇರಿಂಗ್ ಅಥವಾ ಚಕ್ರ ಕೂರುವ ಹಬ್‌ನಲ್ಲಿ. ಬ್ರೇಕ್ ಒತ್ತಿದ ಮೇಲೂ ಹಾಗೆಯೇ ಅಲುಗುತ್ತಿದ್ದರೆ ಚಕ್ರವನ್ನು ಬಾಡಿಗೆ ಸೇರಿಸುವ ಆರ್ಮ್ ಕಡೆ, ಅದರ ಬುಷ್ ಕಡೆ ಟಾರ್ಚ್ ಬಿಡಿ. ಮುಂದಿನ ಚಕ್ರಕ್ಕೆ ಎಳೆತವಿರುವ ಎಷ್ಟೋ ಕಾರುಗಳಲ್ಲಿ ಎರಡು ಹಿಂಚಕ್ರ ಜೋಡಿಸುವ ಅಡ್ಡ ಬೀಮ್ ಬಾಡಿಗೆ ಸೇರುವ ಕಡೆ ರಬ್ಬರ್ ಬುಷ್ ಇರುತ್ತದೆ. ಅದು ಸೀಳಿದರೆ ಗುಂಡಿಯಲ್ಲಿ ಟಕ್ ಅನ್ನುತ್ತದೆ, ಲೇನ್ ಬದಲಿಸುವಾಗ ಕಾರಿನ ಹಿಂಭಾಗ ತಡವಾಗಿ ಹಿಂಬಾಲಿಸಿದ ಹಾಗೆ ಆಗುತ್ತದೆ.

ಒಂದು ಮಾತು ಸೇರಿಸಬೇಕು. ಹಳೆಯ ಕೆಲವು ಆಕ್ಸಲ್‌ಗಳಲ್ಲಿ ಶಾಫ್ಟ್ ಒಳಗೆ ಹೊರಗೆ ಸ್ವಲ್ಪ ಸರಿಯುವುದು ಸಹಜ. ಅದನ್ನು ಕಂಡು ಹೆದರಿ ಬೇರಿಂಗ್ ಕೀಳಿಸಬೇಡಿ. ಮೇಲೆ ಕೆಳಗೆ ಅಲುಗುವುದು ಬೇರೆ, ಉದ್ದಕ್ಕೆ ಸರಿಯುವುದು ಬೇರೆ. ಎಷ್ಟು ಸರಿಯಬಹುದು ಎಂಬುದು ಆ ಕಾರಿನ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ.

ಪ್ಲೇಗೂ ಕಿರ್ರ್ ಸದ್ದಿಗೂ ಏನು ನಂಟು ಅಂತ ಕೇಳಬಹುದು. ಹಿಂದಿನ ಚಕ್ರಕ್ಕೆ ಎಳೆತವಿರುವ ಒಂದು ಹಳೆಯ ಕಾರು ನನ್ನ ಹತ್ತಿರ ಬಂದಿತ್ತು. ಬೇರೆ ಕಡೆ ಹೊಸ ಶೂ ಹಾಕಿಸಿಯಾಗಿತ್ತು, ಸದ್ದು ನಿಂತಿರಲಿಲ್ಲ. ಡ್ರಮ್ ಬಿಚ್ಚಿದರೆ ಒಳಗೋಡೆಯ ಮೇಲೆ ಧೂಳು ಒಣ ಪುಡಿಯಾಗಿರಲಿಲ್ಲ, ಕರೀ ಅಂಟಾಗಿತ್ತು. ಹೊಸ ಶೂನ ಕೆಳತುದಿ ಹೊಳೆಯುತ್ತಿತ್ತು. ಬೆರಳಿಗೆ ಒರೆಸಿ ಮೂಸಿದೆ. ಗಂಧಕದ ಘಾಟು. ಗೇರ್ ಆಯಿಲ್! ಬೇರಿಂಗ್ ಸವೆದು ಶಾಫ್ಟ್ ಓಲಾಡುತ್ತಿತ್ತು. ಆ ಓಲಾಟಕ್ಕೆ ಪಕ್ಕದ ಆಯಿಲ್ ಸೀಲಿನ ತುಟಿ ಸವೆದುಹೋಗಿತ್ತು. ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆಯಾದ ಡಿಫರೆನ್ಷಿಯಲ್‌ನ ಆಯಿಲ್ ಆಕ್ಸಲ್ ಕೊಳವೆಯ ಉದ್ದಕ್ಕೂ ಹರಿದು ಬಂದಿತ್ತು, ಶೂ ಅದನ್ನು ಕುಡಿದಿತ್ತು. ಅಲ್ಲಿಗೆ ಎಷ್ಟು ಸಲ ಹೊಸ ಶೂ ಹಾಕಿದರೂ ಅಷ್ಟೇ.

ಒಳಗೆ ಒದ್ದೆ ಕಂಡರೆ ಅದು ಯಾವುದರ ಒದ್ದೆ ಎಂದು ನೋಡಿ. ದಪ್ಪಗೆ, ಘಾಟಾಗಿ ಇದ್ದರೆ ಗೇರ್ ಆಯಿಲ್, ಸೀಲ್ ಹೋಗಿದೆ. ತೆಳ್ಳಗಿದ್ದು, ಬಾನೆಟ್ ಕೆಳಗಿನ ಬ್ರೇಕ್ ಡಬ್ಬಿಯಲ್ಲಿ ಮಟ್ಟವೂ ಇಳಿದಿದ್ದರೆ ಬ್ರೇಕ್ ಆಯಿಲ್, ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿದೆ. ಎರಡನೆಯದಾದರೆ ಕಾರು ಓಡಿಸಲೇಬೇಡಿ. ಆಯಿಲ್ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು, ಎಮೆರಿ ಪೇಪರ್ ಉಜ್ಜಿ ಮತ್ತೆ ಕೂರಿಸುವವರಿದ್ದಾರೆ. ಅದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಒಳಗೆ ಇಂಗಿದ ಆಯಿಲ್ ಬಿಸಿಗೆ ಮತ್ತೆ ಮೇಲೆ ಬರುತ್ತದೆ. ಸೋರಿಕೆ ನಿಲ್ಲಿಸಿ, ಎರಡೂ ಕಡೆಯ ಶೂ ಒಟ್ಟಿಗೆ ಬದಲಿಸಿ. ಒಂದೇ ಕಡೆ ಬದಲಿಸಿದರೆ ಕಾರು ಒಂದು ಪಕ್ಕಕ್ಕೆ ಎಳೆಯಬಹುದು.

ಹಿಂದೆ ಡಿಸ್ಕ್ ಇರುವ ಕಾರಿನಲ್ಲಿ ಪ್ಲೇ ಬೇರೆ ರೀತಿ ಕಾಣಿಸಿಕೊಳ್ಳುತ್ತದೆ. ಬೇರಿಂಗ್ ಸಡಿಲವಾದರೆ ಡಿಸ್ಕ್ ಓಲಾಡಿ ಪ್ಯಾಡನ್ನು ಹಿಂದಕ್ಕೆ ನೂಕುತ್ತದೆ. ತಿರುವು ದಾಟಿ ಬ್ರೇಕ್ ಒತ್ತಿದರೆ ಪೆಡಲ್ ಮೊದಲ ಸಲ ಆಳಕ್ಕೆ ಹೋಗುತ್ತದೆ, ಎರಡನೇ ಸಲ ಮೇಲೆಯೇ ನಿಲ್ಲುತ್ತದೆ. ಇದಕ್ಕೆ ಸುಮ್ನೆ ಬ್ರೇಕ್‌ನ ಗಾಳಿ ತೆಗೆಸುತ್ತಾ ಕೂತವರನ್ನು ನೋಡಿದ್ದೇನೆ.

ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಬ್ರೇಕ್ ಕ್ಲೀನರ್‌ನಿಂದ ತೋಯಿಸಿ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇನ್ನೊಂದು. ಶೂ ಬದಲಿಸಿದ ಮೇಲೆ ಹಳೆಯದನ್ನು ಕೇಳಿ ಪಡೆದು ಅದರ ಅಂಚು ನೋಡಿ. ಒಂದು ಅಂಚು ತೆಳ್ಳಗೆ, ಇನ್ನೊಂದು ದಪ್ಪಗೆ ಓರೆಯಾಗಿ ಸವೆದಿದ್ದರೆ ಡ್ರಮ್ ನೆಟ್ಟಗೆ ತಿರುಗಿರದ ಅನುಮಾನ ಪಡಬಹುದು. ಬಿಲ್ ಕೊಡುವ ಮೊದಲು ಅದೇ ಚಕ್ರವನ್ನು ನಿಮ್ಮ ಎದುರೇ ಎತ್ತಿಸಿ, ಅಲುಗಿಸಿ ತೋರಿಸಲು ಹೇಳಿ.

ಇತಿ,
ಒಬ್ಬ ಗ್ಯಾರೇಜ್ ಮೆಕ್ಯಾನಿಕ್