ಟಕ್ ಅಂತು, ಈಡು ಹಾರಲಿಲ್ಲ

ಮಾನ್ಯರೇ,

ಕೊಡಗಿನ ಕೈಲ್ ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಬಗ್ಗೆ ನಿಮ್ಮಲ್ಲಿ ಬಂದ ಬರಹ ಓದಿ ಖುಷಿಯಾಯಿತು. ಒಂದು ಮಾತು ಮಾತ್ರ ಒಪ್ಪಲು ಆಗಲಿಲ್ಲ. ಅಮೆರಿಕದಲ್ಲಿ ಸಿಗುವಂಥ ಸೆಮಿ ಆಟೊಮ್ಯಾಟಿಕ್ (ಒಂದು ಈಡು ಹಾರಿದ ಮೇಲೆ ಮುಂದಿನ ತೋಟೆಯನ್ನು ತಾನೇ ಏರಿಸಿಕೊಳ್ಳುವ) ಪಾಯಿಂಟ್ 22 ರೈಫಲ್, ಅಂದರೆ ಸಣ್ಣ ತೋಟೆಯ ಕೋವಿ, ಇದ್ದರೆ ಕಲಿಯುವವರಿಗೆ ಸಲೀಸು ಎಂದಿದ್ದೀರಿ. ನಾನು ಕೊಡಗಿನವನು, ಈಗ ಟೆಕ್ಸಾಸ್‌ನಲ್ಲಿದ್ದೇನೆ. ಅಂಥದ್ದೊಂದನ್ನು ಕೊಂಡು ಎರಡು ವರ್ಷ ಒದ್ದಾಡಿದ್ದೇನೆ.

ನೋಡಲು ಚಂದ, ಕೈಗೆ ಹಗುರ. ಮೊದಲ ದಿನವೇ ಹತ್ತು ತೋಟೆಗೆ ಎರಡು ಸಿಕ್ಕಿಕೊಂಡವು. ಖಾಲಿ ತೋಟೆ ಹೊರಗೆ ಹಾರುವ ಬದಲು ಕಿಂಡಿಯಲ್ಲೇ ನೆಟ್ಟಗೆ ನಿಂತುಬಿಡುತ್ತಿತ್ತು. ಇಲ್ಲಿನವರು ಅದಕ್ಕೆ ಸ್ಟವ್‌ಪೈಪ್ ಅನ್ನುತ್ತಾರೆ. ಬಚ್ಚಲೊಲೆಯ ಹೊಗೆಕೊಳವೆ ಥರಾನೇ ಕಾಣುತ್ತದೆ.

ಈ ಜಾತಿಯ ರೈಫಲ್‌ನಲ್ಲಿ ಬೋಲ್ಟನ್ನು, ಅಂದರೆ ತೋಟೆಯ ಹಿಂದೆ ಹಿಂದೆ ಮುಂದೆ ಜಾರುವ ಕಬ್ಬಿಣದ ತುಂಡನ್ನು, ಹಿಂದಕ್ಕೆ ತಳ್ಳಬೇಕಾದದ್ದು ಆ ಪುಟ್ಟ ತೋಟೆಯೇ. ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ ಎರಡೂವರೆ ಗ್ರಾಂ ಚಿಲ್ಲರೆ. ಮದ್ದು ಸ್ವಲ್ಪ ಮಂದವಾದರೂ, ಗುಂಡಿಗೆ ಸವರಿದ ಮೇಣ, ಮಸಿ ಒಳಗೆ ಕಟ್ಟಿಕೊಂಡರೂ ಬೋಲ್ಟ್ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಜೊತೆಗೆ ತೋಟೆಯ ಬುಡದಲ್ಲಿ ಅಂಚು ಬೇರೆ. ತೋಟೆ ತುಂಬುವ ಡಬ್ಬಿ, ಅಂದರೆ ಮ್ಯಾಗಜೀನ್ ಒಳಗೆ ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿದರೆ ಮುಗೀತು. ಇದಕ್ಕೆ ಪರಿಹಾರ ಇಲ್ಲ ಅಂತಲ್ಲ. 1964ರಲ್ಲಿ ಬಂದ ರೂಗರ್ 10/22 ರೈಫಲ್‌ನಲ್ಲಿ ಹತ್ತು ತೋಟೆಗಳು ಒಂದು ಚಕ್ರದ ಸುತ್ತ ಕೂರುತ್ತವೆ, ಒಂದೊಂದಕ್ಕೂ ಬೇರೆ ಬೇರೆ ಮನೆ. ನಾನು ಅದಕ್ಕಿಂತ ಅಗ್ಗದ್ದು ಹುಡುಕಿಕೊಂಡು ಹೋದವನು!

ಎರಡು ಸಲ ಕಂಪನಿಗೆ ಕಳಿಸಿದೆ. ಎರಡು ಸಲವೂ ‘ದೋಷ ಕಂಡಿಲ್ಲ’ ಎಂಬ ಚೀಟಿಯ ಜೊತೆ ವಾಪಸ್ ಬಂತು. ದೂರು ಕೊಡೋಣ ಅಂದರೆ ಎಲ್ಲಿಗೆ? ಇಲ್ಲಿ ಗ್ರಾಹಕರ ಸುರಕ್ಷತೆಗೆ ಅಂತಲೇ ಒಂದು ಆಯೋಗವಿದೆ. ರೊಟ್ಟಿ ಸುಡುವ ಟೋಸ್ಟರ್ ಸರಿಯಿಲ್ಲದಿದ್ದರೆ ಅದು ಕೇಳುತ್ತದೆ. ಕೋವಿ, ತೋಟೆಗಳನ್ನು ಮಾತ್ರ 1970ರ ದಶಕದಲ್ಲೇ ಕಾನೂನು ಮಾಡಿ ಅದರ ಕೈಯಿಂದ ಹೊರಗಿಟ್ಟಿದ್ದಾರೆ. ಎಂಥ ವಿಚಿತ್ರ ಅಲ್ವಾ.

ಸಿಕ್ಕಿಕೊಳ್ಳುವುದು ಬರೀ ಕಿರಿಕಿರಿ. ನನಗೆ ಭಯ ಹುಟ್ಟಿಸಿದ್ದು ಹುಸಿ ಈಡು. ಪಾಯಿಂಟ್ 22 ತೋಟೆಯಲ್ಲಿ ಕಿಡಿ ಹತ್ತುವ ಮದ್ದು ನಡುವಿನಲ್ಲಿ ಇರುವುದಿಲ್ಲ, ಅಂಚಿನ ಟೊಳ್ಳಿನೊಳಗೆ ಸುತ್ತಲೂ ಇರುತ್ತದೆ. ಒಂದು ಕಡೆ ಮದ್ದು ಸೇರದಿದ್ದು, ಕೋವಿಯ ಹೊಡೆಯುವ ಪಿನ್ ಅಲ್ಲೇ ಬಡಿದರೆ ಟಕ್ ಅನ್ನುತ್ತದೆ ಅಷ್ಟೆ. ಆಗ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಅಪರೂಪಕ್ಕೆ ಮದ್ದು ತಡವಾಗಿ ಹತ್ತುವುದುಂಟು.

ಇದನ್ನು ಮಗನಿಗೆ ಹತ್ತು ಸಲ ಹೇಳಿದ್ದೆ. ಅವನಿಗೆ ಹದಿಮೂರು ವರ್ಷ. ಆ ದಿನ ನಾಲ್ಕು ಈಡು ಪಟಪಟ ಹಾರಿದವು. ಐದನೆಯದು ಟಕ್ ಅಂತು. “ಅಪ್ಪಾ, ಹೊಡೀಲಿಲ್ಲ” ಅಂತ ನನ್ನ ಕಡೆ ತಿರುಗಿದ. ಅವನ ಜೊತೆ ನಳಿಗೆಯೂ ತಿರುಗಿತು. ಕೈ ಹಾಕಿ ಅದನ್ನು ಗುರಿಯ ಕಡೆ ಒತ್ತಿ ಹಿಡಿದೆ. ಇಬ್ಬರೂ ಮಾತಾಡಲಿಲ್ಲ. ಆಮೇಲೆ ಆ ತೋಟೆ ತೆಗೆದು, ಸ್ವಲ್ಪ ತಿರುಗಿಸಿ ಮತ್ತೆ ಹಾಕಿ ನೋಡಿದೆ. ಮೊದಲ ಏಟಿಗೇ ಹಾರಿತು.

ಸಲೀಸು ಅನ್ನುವ ಮಾತಿಗೆ ನನ್ನ ತಕರಾರು ಇಷ್ಟೇ. ಬೋಲ್ಟ್ ಆಕ್ಷನ್ ರೈಫಲ್‌ನಲ್ಲಿ ಪ್ರತಿ ಈಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕು. ತೋಟೆ ಹೊರಗೆ ಬಂತಾ ಅಂತ ಕಣ್ಣು ತಾನಾಗೇ ನೋಡುತ್ತದೆ. ಅಪ್ಪ ನನಗೆ ಕಲಿಸಿದ ಒಂಟಿನಳಿಗೆಯಲ್ಲೂ ಹಾಗೇ, ಅವಸರಕ್ಕೆ ಜಾಗವೇ ಇರಲಿಲ್ಲ. ಮಗನಿಗೆ ಈಗ ಹಳೆಯ ಬೋಲ್ಟ್ ಆಕ್ಷನ್ ಒಂದನ್ನು ಕೊಡಿಸಿದ್ದೇನೆ. ನಿಧಾನ ಅಂತ ಗೊಣಗುತ್ತಾನೆ, ಗೊಣಗಲಿ.

ಆ ಸೆಮಿ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಕಳೆದ ತಿಂಗಳು ಒಬ್ಬರು ಕೊಳ್ಳಲು ಬಂದಿದ್ದರು, ಮಗಳಿಗೆ ಕಲಿಸಬೇಕು ಅಂದರು. ಸುಮ್ನೆ ಕೊಟ್ಟು ಕಳಿಸಲು ಮನಸ್ಸಾಗಲಿಲ್ಲ. ಇದೆಲ್ಲ ಹೇಳಿದೆ. ಕಾಫಿ ಕುಡಿದು ಹೋದರು.

— ಕೊಡಗು ಮೂಲದ ಓದುಗ, ಟೆಕ್ಸಾಸ್